ಲುಕ್ಕಾದಲ್ಲಿ ಒಂದು ತಿಂಗಳು

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಪೆನ್ನಿನಲ್ಲಿ ಮಸಿ ಇರಲಿಲ್ಲ, ಒಮ್ಮೆ ಕರೆಂಟು ಹೋಯಿತು, ಒಮ್ಮೆ ಎಲ್ಲವೂ ಸರಿಯಿತ್ತು, ಅದಕ್ಕೇ ಹೆದರಿ ಎದ್ದುಬಿಟ್ಟೆ. ಇಂದು ದಣಿದಿದ್ದೇನೆ. ನೆಪ ಹುಡುಕಲಿಕ್ಕೂ ಒಂದಿಷ್ಟು ಕಸುವು ಬೇಕು. ಅದು ಉಳಿದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಾನೂ ನನ್ನ ಹೆಂಡತಿಯೂ ಇಟಲಿಯ ಲುಕ್ಕಾ ಎಂಬ ಹಳೆಯ ಊರಿನಲ್ಲಿ ಒಂದು ತಿಂಗಳು ಆರಾಮಾಗಿ ಇರಬೇಕೆಂದು ಯೋಜನೆ ಹಾಕಿದ್ದೆವು. ನಗಬೇಡಿ. ನಾನು ಮೆಟ್ರಿಕ್ ಪಾಸಾದ ಗುಮಾಸ್ತ, ಹೈದರಾಬಾದಿನ ಆಚೆ ಹೋದವನಲ್ಲ. ಆಕೆ ಹೈದರಾಬಾದನ್ನೂ ಕಂಡವಳಲ್ಲ. ಎಪ್ಪತ್ತರ ದಶಕದ ಕೊನೆಯ ಮಾತಿದು. ರಾಯಚೂರಿನಲ್ಲಿ ಆಕೆಗೆ ಹೊಲಿಗೆ ಕಲಿಸಿದ ಇಟಲಿಯ ಸಿಸ್ಟರ್ ಒಬ್ಬರು ತಮ್ಮ ದೇಶಕ್ಕೆ ಮರಳುವಾಗ ಮಡಿಕೆ ಮಡಿಕೆಯಾಗಿ ಬಿಚ್ಚುವ ಚಿತ್ರದ ಪಟ್ಟಿಯೊಂದನ್ನು ಕೊಟ್ಟುಹೋದರು. ಅದರಲ್ಲಿ ಅವರ ಹುಟ್ಟೂರು ಲುಕ್ಕಾ ಇತ್ತು. ಆಕೆ ಅದನ್ನು ಅಡುಗೆಮನೆಯ ಗೋಡೆಗೆ, ಒಲೆಯ ಎದುರಿಗೆ ಮೊಳೆ ಹೊಡೆದು ತೂಗುಹಾಕಿದಳು.

ಯಾಕೆ ಒಲೆಯ ಎದುರಿಗೆ ಎಂದರೆ, ಆಕೆ ಇರುತ್ತಿದ್ದುದೇ ಅಲ್ಲಿ. ಜಿಲ್ಲಾ ಕೇಂದ್ರದಲ್ಲಿ ಮನೆ ಮಾಡಿದವನ ಹೆಂಡತಿಯ ಪಾಡು ನಿಮಗೆ ಗೊತ್ತಿರಬಹುದು. ದೇವದುರ್ಗದ ಕಡೆಯ ನಮ್ಮ ಬಳಗಕ್ಕೆಲ್ಲ ರಾಯಚೂರೆಂದರೆ ನಮ್ಮ ಮನೆ. ಕೋರ್ಟಿನ ತಾರೀಖು, ದವಾಖಾನೆ, ಪರೀಕ್ಷೆ, ಮದುವೆಯ ಜವಳಿ, ತಪ್ಪಿದ ರೈಲು, ಎಲ್ಲದಕ್ಕೂ ನಮ್ಮ ಪಡಸಾಲೆ. "ರಾಯಚೂರಾಗ ನೀ ಒಬ್ಬಾವ ಇದ್ದಿ ಅನ್ನೂದs ಧೈರ್ಯ ನೋಡಪಾ" ಎಂದು ಯಾರಾದರೂ ಅಂದರೆ ನಾನು ಕೆಂಡದ ಮೇಲಿನ ರೊಟ್ಟಿಯಂತೆ ಉಬ್ಬುತ್ತಿದ್ದೆ. ನಿಜವಾದ ರೊಟ್ಟಿ ಬಡಿಯುತ್ತಿದ್ದವಳು ಒಳಗಿದ್ದಳು.

ಹೀಗಾಗಿ ಆಕೆಯ ಯೋಜನೆಯಲ್ಲಿ ಗುಡಿಗೋಪುರ, ಮೂರ್ತಿ, ಅರಮನೆ ಯಾವುದೂ ಇರಲಿಲ್ಲ.

"ರೂಮು ಮೂರನೇ ಅಂತಸ್ತಿನ್ಯಾಗ ಇರಬೇಕ್ರಿ" ಎಂದಳು ಒಂದು ಸಂಜೆ, ಹಿಟ್ಟು ನಾದುತ್ತ.

"ಯಾಕ, ಗಾಳಿಗೇನು?"

"ನಿಮ್ಮ ದೊಡ್ಡಪ್ಪಗ ಮೊಣಕಾಲು ನೋವು. ಅಷ್ಟು ಮೆಟ್ಲ ಹತ್ತಾಕ ಆಗಂಗಿಲ್ಲ."

"ಅಲ್ಲs, ಇಟಲಿಗೆ ಅಂವ ಹ್ಯಾಂಗ ಬರ್ತಾನ?"

"ಬರ್ತಾರ. ನೀವು ಕರೀತೀರಿ."

ರೂಮಿನಲ್ಲಿ ಒಲೆ ಇರಕೂಡದು. ಬ್ರೆಡ್ಡು ಕೆಳಗಿನ ಅಂಗಡಿಯಿಂದ ನಾನು ತರಬೇಕು. ಮೊದಲ ಎಂಟು ದಿನ ಏನೂ ನೋಡುವುದಿಲ್ಲ, ಕಿಟಕಿಯಲ್ಲಿ ಕೂಡುವುದು. ಒಂಬತ್ತನೆಯ ದಿನ ಕೋಟೆಗೋಡೆಯ ಮೇಲೆ ನಡೆಯುವುದು, ಹಿಂದೆ ಮುಂದೆ ಅಲ್ಲ, ಜೋಡಿಯಾಗಿ. ಕೊನೆಯದೊಂದು ಷರತ್ತಿತ್ತು. ನಮ್ಮಲ್ಲಿ ಗಂಡ ಹೆಂಡತಿ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲಿ ಜನ ಬಾಗಿಲು ತಡೆದು ನಿಂತಾಗ ಒಡಪು ಕಟ್ಟಿ ಒಮ್ಮೆ ಆಕೆಯ ಹೆಸರು ಹೇಳಿದ್ದೆ. ಆಮೇಲೆ ಜೀವನವಿಡೀ "ಏ, ಕೇಳಿಲ್ಲೆ" ಎಂಬುದೇ ಹೆಸರಾಯಿತು.

"ಅಲ್ಲಿ ಹೆಸರು ಹಿಡದು ಕರೀಬೇಕ್ರಿ. ಅಲ್ಲಿ ಯಾರಿಗೆ ತಿಳೀತದ? ನಾ ‘ಏನ್ರಿ’ ಅಂತ ಕೇಳಿದ್ರ ನೀರು ತಾ, ಚಾ ಮಾಡು ಅನ್ನಂಗಿಲ್ಲ. ಸುಮ್ನ ಕರದೆ ಅನ್ನಬೇಕು."

ಲುಕ್ಕಾದ ಕೋಟೆಗೋಡೆ ಬಹಳ ಅಗಲವಂತೆ. ಶತ್ರು ಬರುತ್ತಾನೆಂದು ಕಟ್ಟಿ ಕಾದರಂತೆ, ಶತ್ರು ಬರಲಿಲ್ಲ, ಗಿಡ ನೆಟ್ಟು ಅದರ ಮೇಲೆ ಅಡ್ಡಾಡತೊಡಗಿದರಂತೆ. ಸಿಸ್ಟರ್ ಹೇಳಿದ್ದು. ನಮ್ಮ ರಾಯಚೂರಿನ ಕೋಟೆಗೆ ಆ ಭಾಗ್ಯವಿಲ್ಲ. ಅದಕ್ಕೆ ಮುತ್ತಿಗೆ ಹಾಕದ ದೊರೆ ಯಾರಿದ್ದಾನೆ? ಅದರ ಗೋಡೆಯಲ್ಲೊಂದು ಭಾರಿ ಕಲ್ಲಿದೆ. ಆ ಕಲ್ಲನ್ನು ಬಂಡಿಯಲ್ಲಿ ಹೇರಿ, ಸಾಲುಸಾಲು ಪಶುಗಳನ್ನು ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲಿ ಕೆತ್ತಿದ್ದಾರೆ. ಕೋಟೆ ತೋರಿಸಿರೆಂದು ಕೇಳಿದ ನೆಂಟರಿಗೆಲ್ಲ ನಾನು ಆ ಕಲ್ಲನ್ನು ತೋರಿಸಿ, ಕಟ್ಟಿಸಿದವನ ದೊಡ್ಡಸ್ತಿಕೆ ಹೇಳುತ್ತಿದ್ದೆ. ಎಳೆದ ಪಶುಗಳ ಕಡೆ ನಾನು ನೋಡಿದ್ದು ತೀರ ಈಚೆಗೆ.

ಇಟಲಿ ಆಗುವ ಮಾತಲ್ಲವೆಂದು ಆಕೆಗೂ ಗೊತ್ತಿತ್ತು. ಒಂದು ದಿನ ತಾನೇ ಇಳಿದು ಬಂದಳು. "ಮಾನ್ವಿಗಾದ್ರೂ ನಾಕು ದಿನ ಹೋಗೂಣೇನ್ರಿ? ಅಲ್ಲಿ ನಮ್ಮವರು ಯಾರೂ ಇಲ್ಲ." ನನ್ನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬನಿಗೆ ಹತ್ತಿರದ ತಾಲ್ಲೂಕಿನ ಊರಾದ ಮಾನ್ವಿಗೆ ವರ್ಗವಾಗಿತ್ತು, ರಜೆಯಲ್ಲಿ ಊರಿಗೆ ಹೋಗುವವ ತನ್ನ ಮಾಳಿಗೆಯ ರೂಮಿನ ಕೀಲಿ ಕೊಟ್ಟ. ಗುರುವಾರ ಬೆಳಗಿನ ಬಸ್ಸೆಂದು ಗೊತ್ತಾಯಿತು. ಆಕೆ ಸೋಮವಾರವೇ ಚೀಲ ತುಂಬಿ ಬಾಗಿಲ ಬಳಿ ಇಟ್ಟಳು. ಆ ಮೂರು ದಿನ ಹಾಡಿಕೊಂಡು ರೊಟ್ಟಿ ಬಡಿದಳು.

ಮಂಗಳವಾರ ಕಚೇರಿಗೆ ದೊಡ್ಡಪ್ಪನ ಕಾರ್ಡು ಬಂತು. ಕಣ್ಣಿನ ಪೊರೆ ತೆಗೆಸಬೇಕು, ಅವಸರವೇನಿಲ್ಲವೆಂದು ಡಾಕ್ಟರು ಹೇಳಿದ್ದಾರೆ, ಈ ಗುರುವಾರ ಬರಲೋ, ಮುಂದಿನ ತಿಂಗಳು ಬರಲೋ ಎಂದು ಕೇಳಿದ್ದ. ಅವನ ಊರಿನವನೊಬ್ಬ ಮರಳಿ ಹೊರಟಿದ್ದ; ಉತ್ತರ ಅವನ ಕೈಯಲ್ಲೇ ಕಳಿಸಬಹುದಿತ್ತು. "ನಾವು ಮಾನ್ವಿಗೆ ಹೋಗುತ್ತೇವೆ" ಎಂದು ಬರೆದೆ. ಪೆನ್ನು ನಿಂತಿತು. ಯಾಕೆ ಹೋಗುತ್ತೇವೆ? ನಮ್ಮ ಕಡೆ ಊರಿಗೆ ಹೋಗಬೇಕಾದರೆ ಕಾರಣ ಬೇಕು: ಮದುವೆ, ಸಾವು, ಕೋರ್ಟು, ಹೆರಿಗೆ. ಹೆಂಡತಿಯ ಜೊತೆ ಸುಮ್ಮನೆ ಕೂತಿರಲಿಕ್ಕೆ ಹೋಗುತ್ತೇನೆಂದು ಗಂಡಸಾದವನು ಹೇಗೆ ಬರೆಯುವುದು? ನಾಚಿಕೆಯಾಯಿತು. ಆ ಸಾಲು ಹೊಡೆದುಹಾಕಿ "ಗುರುವಾರವೇ ಬರ್ರಿ" ಎಂದು ಬರೆದು ಕಳಿಸಿದೆ. ಮನೆಯಲ್ಲಿ ಹೇಳಲಿಲ್ಲ.

ಗುರುವಾರ ನಸುಕಿನಲ್ಲಿ, ಆಕೆ ಹೊಸ ಸೀರೆ ಉಟ್ಟು ನಿಂತಾಗ, ಬಾಗಿಲಲ್ಲಿ ದೊಡ್ಡಪ್ಪ, ದೊಡ್ಡವ್ವ, ಅವರ ಜೊತೆ ಇನ್ನಿಬ್ಬರು. "ಅದೀರೇನ್ರೋ?"

ನಾನು ಆಶ್ಚರ್ಯಪಟ್ಟವನಂತೆ ಮುಖ ಮಾಡಿದೆ. ಆಕೆ ನನ್ನನ್ನು ನೋಡಿದಳು, ಚೀಲವನ್ನು ಕಾಲಿನಿಂದ ಮೂಲೆಗೆ ಸರಿಸಿದಳು. "ಬರ್ರಿ, ಕಾಲು ತೊಳಕೋರ್ರಿ" ಎಂದಳು. ನನಗೆ ಮೆಲ್ಲಗೆ, "ಮಾನ್ವಿ ಎಲ್ಲಿ ಓಡಿ ಹೋಗ್ತದ ಬಿಡ್ರಿ" ಎಂದಳು.

ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಪಡಸಾಲೆಯಿಂದ ಗಟ್ಟಿಯಾಗಿ ಹೇಳಿದ: "ನೋಡವ್ವಾ, ನಾ ಮುಂದಿನ ತಿಂಗಳs ಬರಾಂವ ಇದ್ದೆ. ನಿನ್ನ ಗಂಡನs ಈಗs ಬರ್ರಿ ಅಂತ ಬರದ. ಬಂಗಾರದಂಥಾ ಮನಷ್ಯಾ!"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಾನು ದೊಡ್ಡಪ್ಪನ ಗಂಟನ್ನು ಎತ್ತಿ ಮತ್ತೆ ಅಲ್ಲೇ ಇಟ್ಟೆ. ಆಮೇಲೆ ಸಪ್ಪಳ ಮತ್ತೆ ಶುರುವಾಯಿತು, ಮೊದಲಿಗಿಂತ ಸಾವಕಾಶ.

ಆಕೆ ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ, ಸೋತು, ತಪ್ಪಾಯಿತು ಅನ್ನುತ್ತಿದ್ದೆನೇನೋ. ದೊಡ್ಡಪ್ಪನ ಕಣ್ಣು ಚೆನ್ನಾಗಿ ಬಂತು. ಆಮೇಲೆ ಅವನು ಎಲ್ಲವನ್ನೂ ಸ್ಪಷ್ಟವಾಗಿ ನೋಡುತ್ತಿದ್ದ, ನಮ್ಮ ಮನೆಯಲ್ಲಿ ಯಾರೂ ಹಾಡದಿದ್ದುದೊಂದನ್ನು ಬಿಟ್ಟು. ಮಾನ್ವಿಯ ಕೀಲಿ ಮರಳಿಸಿದೆ. ಎಂಬತ್ತರ ದಶಕದಲ್ಲೊಮ್ಮೆ ಒಳ್ಳೆಯ ಮನಸ್ಸಿನಲ್ಲಿದ್ದಾಗ, "ಲುಕ್ಕಾದ ಮಾತು ಬಿಟ್ಟೇಬಿಟ್ಟಿಯಲ್ಲ?" ಎಂದು ಕೇಳಿದೆ. "ಪುರಸೊತ್ತಿಲ್ರಿ" ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿಗೂ ಪುರಸೊತ್ತು ಬೇಕು.

ಚಿತ್ರದ ಪಟ್ಟಿ ಗೋಡೆಯ ಮೇಲೆಯೇ ಉಳಿಯಿತು. ವರ್ಷವರ್ಷದ ಹೊಗೆ ಹಿಡಿದು ಲುಕ್ಕಾ ನಮ್ಮ ರಾಯಚೂರು ಕೋಟೆಯ ಬಣ್ಣಕ್ಕೇ ಬಂತು. ಆಕೆ ತೀರಿಹೋಗಿ ಬಹಳ ವರ್ಷವಾದವು. ಈಗ ನೆಂಟರು ಬರುವುದಿಲ್ಲ. ಅವರೂ ರಾಯಚೂರಿನಲ್ಲಿ ಮನೆ ಮಾಡಿದ್ದಾರೆ, ಪಾಪ, ಅವರ ಹೆಂಡಿರು ರೊಟ್ಟಿ ಬಡಿಯುತ್ತಿರಬಹುದು. ಬ್ರೆಡ್ಡನ್ನು ನಾನೇ ತರುತ್ತೇನೆ. ಕಿಟಕಿಯಲ್ಲಿ ಕೂಡುತ್ತೇನೆ. ನೋಡಿ, ಒಬ್ಬನೇ ಲುಕ್ಕಾಕ್ಕೆ ಬಂದು ಮುಟ್ಟಿದ್ದೇನೆ. ಜೋಡಿಯಾಗಿ ನಡೆಯುವುದು ಇನ್ನಾಗದು; ಕೊನೆಯ ಷರತ್ತೊಂದು ಬಾಕಿಯಿತ್ತು.

ಆ ಗುರುವಾರ ಕರೆದವನು ನಾನೇ. ತಪ್ಪಾಯಿತು. ಈಗ ನೀರು ಬೇಡ, ಚಹಾ ಬೇಡ, ಯಾರೂ ಬಂದಿಲ್ಲ. ಸುಮ್ಮನೆ ಕರೆದೆ, ಶರಣಮ್ಮಾ.