ನೀರು ಹಿಡಿಯುವ ಗುಂಡಿ

ಗುಂಡಿ ತೋಡುವುದರಲ್ಲಿ ದಯಾನಂದನನ್ನು ಮೀರಿಸುವವರು ಮೂಡಿಗೆರೆ ಸೀಮೆಯಲ್ಲೇ ಇರಲಿಲ್ಲ. ಹಾಗೆಂದು ಹೇಳುತ್ತಿದ್ದವನು ದಯಾನಂದನೊಬ್ಬನೇ. ಇಪ್ಪತ್ತೇಳರ ಈ ಎಸ್ಟೇಟ್ ಕೂಲಿಯಾಳು ಒಂಬತ್ತು ವರ್ಷಗಳಿಂದ ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆದವನು. ಇಳಿಜಾರಿಗೆ ಅಡ್ಡವಾಗಿ, ಮೇಲಿಂದ ಹರಿದ ಮಳೆನೀರು ಒಂದು ಹನಿಯೂ ತಪ್ಪಿಸಿಕೊಳ್ಳದಂತೆ.

ಮನೆಯಲ್ಲಿದ್ದದ್ದು ಒಂದೇ ಹಸು, ಕೆಂಪಿ. ಕಳೆದ ಮಳೆಗಾಲದಲ್ಲಿ ಒಣಹುಲ್ಲೆಲ್ಲ ಬೂಸ್ಟು ಹಿಡಿದು, ಮೇವಿಲ್ಲದೆ ಸೊರಗಿ ಅದು ಕಂದು ಹಾಕಿತ್ತು. ಈಗ ಮತ್ತೆ ಗಬ್ಬ. ಈ ಕರುವಾದರೂ ಉಳಿಯಬೇಕೆಂದು ಆರು ಗುಂಟೆ ಜೋಳ ಬೆಳೆದಿದ್ದರು. ಹಸಿರಿರುವಾಗಲೇ ಕತ್ತರಿಸಿ, ಗಾಳಿಯಾಡದಂತೆ ತುಳಿದು ರಸಮೇವು ಮಾಡುವುದೆಂದಾಯಿತು. ಎಲ್ಲಿ ಇಡುವುದು ಎಂಬುದಕ್ಕೆ ಮಾತ್ರ ಗಂಡಹೆಂಡಿರಿಗೆ ವಾರವಿಡೀ ಜಗಳ.

"ಡೈರಿಯವ್ರು ಪ್ಲಾಸ್ಟಿಕ್ ಸುತ್ತಿದ ಮೇವಿನ ಉಂಡೆ ತೋರ್ಸಿದ್ರಲ್ಲ? ನಮಗೆ ಮಿಷನ್ ಇಲ್ದಿದ್ರೆ ದಪ್ಪ ಚೀಲಕ್ಕೆ ತುಂಬಿದ್ರಾಯ್ತು" ಎಂದಳು ಅರ್ಚನಾ.

"ಚೀಲ ಇಲಿ ಕಡಿಯುತ್ತೆ. ಗುಂಡಿ ಯಾವ ಇಲಿ ಕಡಿಯುತ್ತೆ ಹೇಳು? ಗುಂಡಿ ವಿಷ್ಯ ನಂಗೆ ಬಿಡು."

ಮೇ ತಿಂಗಳ ಒಂದು ಭಾನುವಾರ, ಊಟದ ಹೊತ್ತಿಗೆ ಕತ್ತರಿಸಿದ ಜೋಳವೆಲ್ಲ ಮನೆ ಪಕ್ಕದ ಇಳಿಜಾರಿನಲ್ಲಿ ತೋಡಿದ್ದ ಗುಂಡಿ ಸೇರಿತ್ತು. ದಯಾನಂದ ಅದರ ಮೇಲೆ ಕುಣಿದು ತುಳಿಯುತ್ತಿದ್ದ. ಅವನಿಗೆ ಗುದ್ದಲಿ ಹಿಡಿಯಲು ಕಲಿಸಿದ ಮುದಿ ಮೇಸ್ತ್ರಿ ಭೂತಯ್ಯ ಬಂದು ಗುಂಡಿಗೊಂದು ಸುತ್ತು ಹಾಕಿದ.

"ಚೆಂದ ಬಂದಿದೆ ಮಾರಾಯ. ಮಣ್ಣೆಲ್ಲ ಕೆಳಗಡೆ ಏರಿ ಹಾಕಿದ್ದೀಯ, ಮೇಲ್ಗಡೆ ಬಾಯಿ ಬಿಟ್ಟಿದ್ದೀಯ."

"ನೀವು ಕಲ್ಸಿದ್ದೇ ಅಲ್ವಾ ಮೇಸ್ತ್ರಿ."

"ನಾನು ಕಲ್ಸಿದ್ದು ನೀರು ಹಿಡಿಯಕ್ಕೆ."

ದಯಾನಂದನ ಕಾಲು ನಿಂತಿತು. ಒಂಬತ್ತು ವರ್ಷದ ರೂಢಿಯ ಕೈಗಳು ತಲೆಯನ್ನು ಕೇಳದೆ ಕೆಲಸ ಮುಗಿಸಿದ್ದವು. ಕೇಳಿದ್ದರೂ ಆ ತಲೆ ಬೇರೇನು ಹೇಳುತ್ತಿತ್ತೋ! ದೇವರಮನೆ ಗುಡ್ಡದ ಕಡೆ ಆಕಾಶ ಕಪ್ಪಿಟ್ಟಿತ್ತು. ಟಾರ್ಪಾಲು ಹೊದಿಸಿದರೂ ನೀರು ಬದಿಯಿಂದ ನುಗ್ಗುತ್ತದೆ. ನೀರು ಕುಡಿದ ಮೇವು ಕೊಳೆಯುತ್ತದೆ. ಕೊಳೆತದ್ದನ್ನು ಗಬ್ಬದ ಹಸುವಿನ ಮುಂದೆ ಹಾಕುವಂತಿಲ್ಲ.

"ಮೇಲೊಂದು ಕಾಲುವೆ ಕಡಿದ್ರೆ?"

"ಬರ್ತಿರೋ ಮಳೆ ನೋಡಿದ್ಯಾ? ಎಲ್ಲಾ ಹೊರಗೆ ತೆಗಿ."

"ತೆಗೆದು ಎಲ್ಲಿ ಹಾಕ್ಲಿ ಮೇಸ್ತ್ರಿ?"

ಅಲ್ಲೇ ನಿಂತಿದ್ದ ಅರ್ಚನಾ ಒಳಗೆ ಹೋಗಿ ಒಂದು ಕಟ್ಟು ತಂದು ಅವನ ಕಾಲಬುಡಕ್ಕೆ ಹಾಕಿದಳು. ಮೂವತ್ತು ದಪ್ಪ ಚೀಲ.

"ಯಾವಾಗ ತಂದೆ?"

"ನೀವು ಗುಂಡಿ ತೆಗೆಯಕ್ಕೆ ಶುರು ಮಾಡಿದ್ರಲ್ಲ, ಅವತ್ತೇ."

ಅವಮಾನಪಡಲು ಪುರಸೊತ್ತಿರಲಿಲ್ಲ. ಅವನು ಬಾಚಿ ಎತ್ತಿದ, ಅವಳು ಚೀಲದೊಳಗೆ ನಿಂತು ತುಳಿದಳು, ಭೂತಯ್ಯ ಗಾಳಿ ಹಿಂಡಿ ಬಾಯಿ ಬಿಗಿದ. ಹದಿನೈದನೆಯ ಚೀಲಕ್ಕೆ ಗುಡುಗಿತು. ಇಪ್ಪತ್ತಮೂರಕ್ಕೆ ಗಾಳಿ ಎದ್ದು ಸಿಲ್ವರ್ ಓಕ್ ಮರಗಳು ಬಾಗಿದವು. ಇಪ್ಪತ್ತೆಂಟನೆಯದನ್ನು ಅವರಿಬ್ಬರು ಕೊಟ್ಟಿಗೆಯ ಅಟ್ಟಕ್ಕೆ ಏರಿಸುವಾಗ ಕೆಂಪು ನೀರು ಇಳಿಜಾರಿನಲ್ಲಿ ಹರಿದು ಬಂತು. ಉಳಿದ ಮೇವಿನ ಆಸೆ ಬಿಟ್ಟು ದಯಾನಂದ ಗುಂಡಿಯಿಂದ ಮೇಲೆ ಹಾರಿದ. ಅರ್ಧ ಗಂಟೆಯಲ್ಲಿ ಗುಂಡಿ ತುಂಬಿತು. ಒಂದು ಹನಿಯೂ ಹೊರಗೆ ಹೋಗಲಿಲ್ಲ.

ಜುಲೈ ಮೊದಲ ವಾರ ಅಟ್ಟದಿಂದ ಒಂದು ಚೀಲ ಇಳಿಸಿದರು. ಅವನು ಗಂಟು ಬಿಚ್ಚಿದ. ಹುಳಿಹುಳಿ ವಾಸನೆ, ಕೆಟ್ಟಿದೆಯೋ ಪಕ್ವವಾಗಿದೆಯೋ ತಿಳಿಯಲಿಲ್ಲ. ಬೊಗಸೆ ತುಂಬ ಒಡ್ಡಿದ. ಕೆಂಪಿ ಮೂಸಿತು, ಮುಖ ತಿರುಗಿಸಿತು.

"ಅರ್ಚನಾ..."

"ಸುಮ್ನಿರಿ ಸ್ವಲ್ಪ."

ಕೆಂಪಿ ಮತ್ತೆ ಮೂಸಿತು. ನಾಲಿಗೆ ಚಾಚಿ ಒಂದಿಷ್ಟು ಎಳೆದುಕೊಂಡಿತು. ಆಮೇಲೆ ಅವನ ಬೊಗಸೆ ಬಿಟ್ಟು ನೇರ ಚೀಲಕ್ಕೇ ಮುಖ ಹಾಕಿತು.

ಅರ್ಚನಾ ಅದರ ಹೊಟ್ಟೆ ಸವರಿದಳು. "ಮಳೆ ಬಿಟ್ಟ ಕೂಡ್ಲೆ ಆ ಗುಂಡಿ ಮುಚ್ಚಿ ಮಾರಾಯ್ರೆ. ಕರು ಗಿರು ಬಿದ್ದೀತು."