ಒಂದು ಬಳೆ ಮನೆಯಲ್ಲಿ, ಜೊತೆಯದು ಭಾಷಣದಲ್ಲಿ

ಮದ್ದೂರಿನ ಅಗ್ರಹಾರದ ಹಿತ್ತಲುಗಳಲ್ಲಿ ಇನ್ನೂ ಮಬ್ಬುಗತ್ತಲೆ. ಅರ್ಚಕರ ಮನೆಯ ಬಾವಿಕಟ್ಟೆಯ ಪಕ್ಕದಲ್ಲಿ ಹಾಜಿರಾ ಬೀ ಕುಕ್ಕರಗಾಲಲ್ಲಿ ಕೂತು, ಹೆಗಲಿನಿಂದ ಇಳಿಸಿದ ಬಳೆಯ ಮಲಾರವನ್ನು ಬಿಚ್ಚುತ್ತಿದ್ದಾರೆ. ಅರ್ಚಕರ ಹೆಂಡತಿ ಪಂಕಜಮ್ಮನವರು ನಿದ್ದೆಗಣ್ಣಿನಲ್ಲೇ ಎಡಗೈ ಚಾಚುತ್ತಾರೆ. ಹಾಜಿರಾ ಬೀ ಆ ಕೈಯನ್ನು ಹಿಟ್ಟು ನಾದಿದಂತೆ ನಾದಿ, ಹೆಬ್ಬೆರಳ ಬುಡವನ್ನು ಒಳಕ್ಕೆ ಮಡಿಸಿ, ಒಂದೇ ಒಂದು ಕೆಂಪು ಗಾಜಿನ ಬಳೆ ಏರಿಸುತ್ತಾರೆ. ಪಂಕಜಮ್ಮನವರು ಬಲಗೈಯನ್ನೂ ಮುಂದಕ್ಕೆ ತಂದರೆ ಇವರು ಮಲಾರ ಸುತ್ತತೊಡಗುತ್ತಾರೆ.

"ಅದ್ರ ಜೊತೇದು ಶನಿವಾರ ಇಸ್ಕೂಲಲ್ಲಿ, ಅಮ್ಮಾವ್ರೆ. ಬೆಂಗ್ಳೂರಿಂದ ಸೊಳ್ಳೆ ಪಂಡಿತ್ರು ಬತ್ತಾವ್ರೆ. ಮೂರು ಗಂಟೆಗೆ ಬಾಸಣ. ಬಂದು ಆಕ್ಕೊಳ್ಳಿ."

"ಬರದೇ ಹೋದರೆ ಏನು ಮಾಡ್ತೀಯೆ?"

"ನಾನೇನ್ ಮಾಡ್ಲಿ? ಒಂಟಿ ಬಳೇಲೇ ಅರಿಸಿನ ಕುಂಕ್ಮಕ್ಕೆ ಓಗಿ."

ಪಂಕಜಮ್ಮನವರಿಗೆ ನಗು ತಡೆಯುವುದಿಲ್ಲ. ಬರುತ್ತೇನೆ ಎಂದು ಒಪ್ಪಿಕೊಂಡು ನೀರು ಸೇದಲು ಹಗ್ಗ ಹಿಡಿಯುತ್ತಾರೆ. ಈ ಬೀದಿಯ ಕೆಲಸ ಇಷ್ಟು ಬೆಳಗ್ಗೆಯೇ ಮುಗಿಯಬೇಕು. ಸ್ನಾನ ಮಾಡಿ ಮಡಿಯುಟ್ಟ ಮೇಲೆ ಅಗ್ರಹಾರದ ಹೆಂಗಸರು ಹಾಜಿರಾ ಬೀ ಕೈಗೆ ಕೈ ಕೊಡುವುದಿಲ್ಲ, ಸ್ನಾನಕ್ಕೆ ಮೊದಲು ಸಂತೋಷವಾಗಿ ಕೊಡುತ್ತಾರೆ. ಇದರಲ್ಲಿ ಬೇಸರಪಟ್ಟುಕೊಳ್ಳುವಂಥದ್ದು ಹಾಜಿರಾ ಬೀಗೆ ಏನೂ ಕಾಣುವುದಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ನಮಾಜು ಮುಗಿಸಿ ಹೊರಡುವವರಿಗೆ ಬೇರೆಯವರ ಮಡಿಯೂ ಗಡಿಯಾರವಿದ್ದಂತೆ.

ಈಚಿನ ಕೆಲವು ವರ್ಷಗಳಿಂದ ಮದ್ದೂರಿನಲ್ಲಿ ವಿಜ್ಞಾನದ ಭಾಷಣವೆಂದರೆ ಹೆಂಗಸರ ಕಡೆಯ ಚಾಪೆಗಳಲ್ಲಿ ಜಾಗ ಸಾಲುವುದಿಲ್ಲ. ಬಂದ ವಿದ್ವಾಂಸರು ಬೆರಗಾಗುತ್ತಾರೆ, ಕಾರ್ಯಕ್ರಮ ಏರ್ಪಡಿಸುವ ಹೆಡ್‌ಮಾಸ್ತರು ಕಸ್ತೂರಿರಂಗಯ್ಯನವರ ಬೆನ್ನು ತಟ್ಟುತ್ತಾರೆ, ಹಾರ ಬೀಳಬೇಕಾದ ಕೊರಳುಗಳಿಗೆಲ್ಲ ಹಾರ ಬೀಳುತ್ತದೆ. ಆ ಹೊತ್ತಿನಲ್ಲಿ ಹಾಜಿರಾ ಬೀ ಬಾಗಿಲ ಹೊರಗೆ ಯಾರದೋ ದಪ್ಪ ಕೈಯನ್ನು ಹಿಡಿದು, "ಸಡ್ಲ ಬುಡು ತಾಯಿ, ಜಟ್ಟಿ ಅಂಗೆ ಬಿಗಿಬ್ಯಾಡ" ಎಂದು ಬೇಡಿಕೊಳ್ಳುತ್ತಿರುತ್ತಾರೆ.

ಮೊದಲ ಭಾಷಣದ ಕಥೆಯನ್ನು ಹೆಡ್‌ಮಾಸ್ತರ ಹೆಂಡತಿ ಕನಕಲಕ್ಷ್ಮಿಯವರೇ ಹೇಳಬೇಕು. ಊರಿನ ಮಹಿಳಾ ಸಮಾಜವನ್ನು ನಡೆಸುವವರು ಅವರು. ಈ ಮಹಾಯುದ್ಧ ಶುರುವಾದ ವರ್ಷ ನಕ್ಷತ್ರಗಳ ವಿಚಾರ ಮಾತಾಡಲು ಒಬ್ಬ ವಿಜ್ಞಾನಿ ಬಂದರು. ಕಸ್ತೂರಿರಂಗಯ್ಯನವರು ಅಚ್ಚುಕಟ್ಟಾಗಿ ಕರಪತ್ರ ಅಚ್ಚು ಹಾಕಿಸಿ ಮನೆಮನೆಗೂ ಹಂಚಿಸಿದರು. ಅರ್ಧ ಸಭಾಂಗಣವನ್ನು ಹೆಂಗಸರಿಗೆಂದೇ ಬಿಟ್ಟರು. ಬಂದವರು ಇಬ್ಬರು, ಕನಕಲಕ್ಷ್ಮಿಯವರು ಮತ್ತು ಅವರ ಅತ್ತೆ. ಅತ್ತೆಯವರು ನಡುವೆಯೇ ತೂಕಡಿಸಿದರು.

"ನಮ್ಮ ಯಜಮಾನರು ಉಳಿದ ಕರಪತ್ರಗಳನ್ನೆಲ್ಲ ನೀರೊಲೆಗೆ ಹಾಕಿದರು," ಎನ್ನುತ್ತಾರೆ ಕನಕಲಕ್ಷ್ಮಿ. "ನಾನು ಬಳೆ ತೊಡಿಸಿಕೊಳ್ಳುವಾಗ ಹಾಜಿರಾ ಹತ್ತಿರ ಗೋಳು ತೋಡಿಕೊಂಡೆ. ಅವಳು ನಕ್ಕುಬಿಟ್ಟಳು. 'ಕಾಗ್ದ ಕೊಟ್ರೆ ಕರೆದಂಗಾಯ್ತಾ? ಬಾಗ್ಲಿಗೆ ಬಂದು, ಇಂಥ ದಿನ ಬಾ ಅಂತ ಬಾಯ್ಬುಟ್ಟು ಕರೀದೆ ಯಾವ ಮನೆ ಎಂಗ್ಸು ಒಸ್ಲು ದಾಟ್ತಾಳೆ?' ಅಂದಳು. ಅದು ನನಗೂ ಗೊತ್ತಿದ್ದದ್ದೇ. ವಿಜ್ಞಾನ ಅಂದ ತಕ್ಷಣ ಮರೆತುಹೋಗಿತ್ತು."

ಆಮೇಲಿನ ಭಾಷಣಕ್ಕೆ ಕರೆಯುವ ಕೆಲಸ ಹಾಜಿರಾ ಬೀ ಪಾಲಿಗೆ ಬಂತು. ಕುಂಕುಮ ಕೊಟ್ಟು ಕರೆಯುವ ಕೈ ಅವರದಲ್ಲ. ತಮ್ಮ ಕೈಯಲ್ಲಿ ಇದ್ದದ್ದು ಬಳೆ, ಅದರಲ್ಲೇ ಕರೆದರು. ಒಂದು ಕೈಗೆ ಮನೆಯಲ್ಲಿ, ಇನ್ನೊಂದು ಕೈಗೆ ಭಾಷಣದ ಬಾಗಿಲಲ್ಲಿ. ಬಳೆಯ ಖರ್ಚು ಮಹಿಳಾ ಸಮಾಜದ್ದು. ಒಂದು ಕೈಗೆ ಬಳೆ ಹೆಚ್ಚಾಗಿ ಇನ್ನೊಂದು ಕೈಗೆ ಕಡಿಮೆಯಾದರೆ ಯಾವ ಹೆಂಗಸಿಗೆ ತಾನೇ ಊಟ ಸೇರುತ್ತದೆ?

ಮೊದಲ ಸಲವೇ ಒಂದು ಎಡವಟ್ಟೂ ಆಯಿತು. ಅವತ್ತು ಮಲಾರದಲ್ಲಿ ಹೆಚ್ಚಿಗೆ ಇದ್ದದ್ದು ಹಸಿರು ಬಳೆ. ಬಸುರಿಗೆ ಹಸಿರು ಬಳೆ ತೊಡಿಸುವುದು ನಮ್ಮ ಕಡೆಯ ಶಾಸ್ತ್ರ. ಬೆಳಗಾಗುವುದರೊಳಗೆ ಬೀದಿಗೆ ಬೀದಿಯೇ ಬಸುರಾಗಿದೆ ಎಂಬ ಸುದ್ದಿ ಸಂತೆಮಾಳದವರೆಗೂ ಹೋಯಿತು. ಮೊಮ್ಮಕ್ಕಳನ್ನು ಕಂಡ ಅಜ್ಜಿಯೊಬ್ಬರಿಗೆ ಬೀಗರ ಮನೆಯಿಂದ ಬಸುರಿಯ ಬಯಕೆಗೆಂದು ರವೆ ಉಂಡೆಯೂ ಬಂತು. ಅಜ್ಜಿ ಉಂಡೆ ತಿಂದು, ಡಬ್ಬಿ ತೊಳೆದು ಕಳಿಸಿ, ಭಾಷಣಕ್ಕೆ ಬಂದರು. ಅವರ ಹಿಂದೆ ನಗುತ್ತ ನಗುತ್ತ ಬೀದಿಯೇ ಬಂತು. ಅಂದಿನಿಂದ ಕರೆಯುವ ಬಳೆ ಕೆಂಪು.

ಬಳೆ ತೊಡದವರನ್ನು ಕರೆಯುವುದು ಹೇಗೆ? ಹಾಜಿರಾ ಬೀ ಪ್ರತಿ ಬೀದಿಯಲ್ಲೂ ಮೊದಲು ಹೋಗುವುದು ಗಂಡ ಸತ್ತವರ ಮನೆಗೆ. ಮಲಾರವನ್ನು ಆಚೆ ಇಳಿಸಿ, ಜಗಲಿಯ ಮೇಲೆ ಕೂತು, ಅವರ ಎರಡೂ ಕೈ ಹಿಡಿದು ಕರೆಯುತ್ತಾರೆ. ಕೋಟೆ ಬೀದಿಯ ಮರಿತಾಯಮ್ಮ ಹೀಗೆ ಕರೆಸಿಕೊಂಡವರಲ್ಲಿ ಮೊದಲಿಗರು. ಗಂಡ ಹೋದಾಗ ಅವರದು ಎಳೆ ವಯಸ್ಸು. ಈಗ ತಲೆ ಬೆಳ್ಳಗಾಗಿದೆ. ಅಷ್ಟೂ ವರ್ಷ ಒಂದು ನಾಮಕರಣಕ್ಕೂ ಯಾರೂ ಅವರನ್ನು ಬಾ ಎಂದಿರಲಿಲ್ಲ.

"ಈವಮ್ಮ ಕೈ ಇಡ್ಕಂಡು ಬಾ ಅಂದಾಗ ಯಾರ್ನೋ ಕರೀತಾವ್ಳೆ ಅಂತ ಇಂದಕ್ಕೆ ತಿರುಗಿ ನೋಡ್ದೆ ಕಣಪ್ಪ," ಎನ್ನುತ್ತಾರೆ ಮರಿತಾಯಮ್ಮ. ಈಗ ಭಾಷಣ ಯಾವುದಾದರೂ ಸರಿ, ಗೊಬ್ಬರವಾಗಲಿ ಗ್ರಹಣವಾಗಲಿ, ಮೊದಲ ಸಾಲಿನ ಚಾಪೆ ಅವರದೇ.

ದಿನಕ್ಕೆ ನಾಲ್ಕೈದು ಬೀದಿ ಹಾಜಿರಾ ಬೀ ಅವರ ಸುತ್ತು. ಸಂತೆಯ ದಿನ ಸೋಮನಹಳ್ಳಿಯ ಕಡೆ. ಮಳವಳ್ಳಿಯಲ್ಲೂ ಮಂಡ್ಯದಲ್ಲೂ ಭಾಷಣವಾದರೆ ಅಲ್ಲಿನವರೂ ಹೇಳಿಕಳಿಸುತ್ತಾರೆ. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಏರುದಾರಿಯಲ್ಲಿ ನಿಂತುಬಿಟ್ಟರೆ ಇಳಿದು ನಡೆಯುತ್ತಾರೆ. ಯುದ್ಧದಿಂದಾಗಿ ಉತ್ತರದ ಗಾಜಿನ ಬಳೆ ಸರಿಯಾಗಿ ಬರುತ್ತಿಲ್ಲ, ಒಂದೊಂದು ಬಳೆಯೂ ಜೋಪಾನ. ತೊಡಿಸುವಾಗ ಒಡೆದ ಬಳೆ ಬಳೆಗಾರ್ತಿಯ ನಷ್ಟ ಎನ್ನುವುದು ಈ ಕಸುಬಿನ ಕಟ್ಟಳೆ. ಅವರ ಗಂಡ ಬಾಬು ಜಾನ್ ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಹೆಂಡತಿಯ ಮಾತು ಬಂದರೆ ಅವರ ಬಾಯಿಗೆ ಬೀಗವಿಲ್ಲ.

"ಅಟ್ಟದಿಂದ ಕೊಡ ಬಿದ್ರೂ ತಿರುಗ್ನೋಡಾಕಿಲ್ಲ. ಬಳೆ ಚಟ್ ಅಂದ್ರೆ ಮೂರು ಬೀದಿ ಆಚೆ ಇದ್ರೂ ಕತ್ತು ತಿರುಗ್ಬೇಕು!"

"ನನ್ನ ಗಂಟು ಓಯ್ತದಲ್ಲ, ತಿರುಗ್ದೆ ಇನ್ನೇನು," ಎನ್ನುತ್ತಾರೆ ಹಾಜಿರಾ ಬೀ.

ಕರೆಯುವುದಕ್ಕೂ ಅವರಲ್ಲಿ ಒಂದು ಕಟ್ಟುನಿಟ್ಟಿದೆ. "ನೋಡ್ತೀನಿ ಅಂದ್ರೆ ಬಳೆ ಕೊಡಾಕಿಲ್ಲ. ನೋಡ್ತೀನಿ ಅಂದೋಳು ಬರಾಕಿಲ್ಲ. ಬತ್ತೀನಿ ಅನ್ಬೇಕು."

ಇಷ್ಟು ಜನರನ್ನು ಭಾಷಣಕ್ಕೆ ಕೂರಿಸಿದ ಹಾಜಿರಾ ಬೀ ಒಂದು ಭಾಷಣವನ್ನೂ ಮೊದಲಿನಿಂದ ಕೇಳಿಲ್ಲ. ತಡವಾಗಿ ಬಂದವರಿಗೆಲ್ಲ ಬಳೆ ತೊಡಿಸಿ ಮುಗಿಸುವ ಹೊತ್ತಿಗೆ ಒಳಗೆ ವಂದನಾರ್ಪಣೆ ನಡೆಯುತ್ತಿರುತ್ತದೆ. "ವಂದ್ನಾರ್ಪಣೆ ನಂಗೆ ಬಾಯಿಪಾಠ," ಎಂದು ತಮ್ಮನ್ನು ತಾವೇ ಆಡಿಕೊಳ್ಳುತ್ತಾರೆ. ಈ ಶನಿವಾರದ ಮಾತು ಬಂದಾಗ ಮಾತ್ರ ಆ ನಗು ಇಲ್ಲ.

ಹೋದ ವರ್ಷ ಗೌರಿ ಹಬ್ಬದ ಸುಮಾರಿಗೆ ಅವರ ಮಗಳು ಸುರಯ್ಯಾಗೆ ಚಳಿಜ್ವರ ಬಂತು. ಹನ್ನೊಂದರ ಹುಡುಗಿ. ಜಾವಾ ಜಪಾನಿಯರ ಪಾಲಾಗಿ ಅಲ್ಲಿಂದ ಬರುತ್ತಿದ್ದ ಜ್ವರದ ಮದ್ದು ಕ್ವಿನೈನು ಸಿಗುವುದೇ ನಿಂತಿದ್ದ ಕಾಲ ಅದು. ಇದ್ದಬದ್ದ ಕಷಾಯಗಳಿಗೆ ಜ್ವರ ಜಗ್ಗಲಿಲ್ಲ. ಮಗು ಉಳಿಯಲಿಲ್ಲ. ಸಮಾಧಾನ ಹೇಳಲು ಬಂದವರೇ ಹೋಗುವಾಗ ಒಂದು ಮಾತು ಬಿಟ್ಟುಹೋದರು.

"ನಾಲೇಲಿ ಆಡಕ್ಕೆ ಬುಟ್ಟಿದ್ದೆ. ಅವ್ಳಿಗೆ ನೀರು ಅಂದ್ರೆ ಪಿರಾಣ. ಅದ್ಕೇ ಬಂತು ಅಂದ್ರು. ನೆನೆಯಕ್ಕೆ ಬುಟ್ಟೋಳು ನಾನೇ ಅಲ್ವಾ?" ಹಾಜಿರಾ ಬೀ ಹೇಳುತ್ತ ಹೇಳುತ್ತ ಬಳೆಯ ಸರವನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. "ಸೊಳ್ಳೆಯಿಂದ ಅಂತಾನೂ ಕೆಲವ್ರು ಅಂತಾರೆ. ಸೊಳ್ಳೆ ನನ್ನೂ ಕಚ್ತು, ಅವ್ರಪ್ಪನ್ನೂ ಕಚ್ತು. ಅವ್ಳೊಬ್ಳಿಗೇ ಯಾಕೆ ಬಂತು? ಅದ್ನ ಆ ಪಂಡಿತ್ರ ಬಾಯಿಂದ ಮೊದ್ಲಿಂದ ಕೊನೇಗಂಟ ಕೇಳ್ಬೇಕು. ತೆಪ್ಪು ನಂದಾ ಅಲ್ವಾ ಅಂತ ಗೊತ್ತಾಗ್ಬೇಕು."

ಹಾಗಾದರೆ ಒಳಗೆ ಹೋಗಿ ಕೂತುಬಿಡಬಹುದಲ್ಲ? ಅಲ್ಲೇ ಇದೆ ತೊಡಕು. ಗುರುವಾರ ಮರಿತಾಯಮ್ಮನವರನ್ನು ಕರೆಯಲು ಹೋದಾಗ ಅವರೂ ಅದನ್ನೇ ಕೇಳುತ್ತಾರೆ.

"ಊರ್ನೆಲ್ಲ ಕರೀತೀಯಲ್ಲ ಬೂಬಮ್ಮ, ನಿನ್ನ ಯಾರು ಕರೆದವ್ರೆ?"

"ನನ್ನ್ಯಾಕೆ ಕರೀತಾರೆ? ನಾನು ಬಾಗ್ಲಲ್ಲೇ ಇರ್ತೀನಲ್ಲ."

"ಬಾಗ್ಲಲ್ಲಿ ಇರೋದೂ ಒಳೀಕೆ ಕುಂತ್ಕಳೋದೂ ಒಂದೇಯಾ?"

"ಕರೀದೆ ಎಂಗೆ ಕುಂತ್ಕಳ್ಳಿ? ಕರೀದೆ ಬರ್ಬಾರ್ದು ಅಂತ ಊರಿಗೆಲ್ಲ ಯೋಳೋಳು ನಾನೇಯ," ಎಂದು ಹಾಜಿರಾ ಬೀ ಎದ್ದು ಮಲಾರ ಹೊರುತ್ತಾರೆ. ಕನಕಲಕ್ಷ್ಮಿಯವರಿಗೆ ಇವರನ್ನು ಕರೆಯಬೇಕೆಂದು ಹೊಳೆದೇ ಇಲ್ಲ. ಮನೆಯವಳು ಎಂದುಕೊಂಡಿದ್ದಾರೆ. ಮನೆಯವರಿಗೆ ಕರೆ ಹೋಗುವುದಿಲ್ಲ, ಅದೂ ಕ್ರಮವೇ.

ಶನಿವಾರ ಬೆಳಗ್ಗೆ ಬಾಬು ಜಾನ್ ಮನೆಯ ಮುಂದೆ ಸೈಕಲ್ಲನ್ನು ತಲೆಕೆಳಗು ಮಾಡಿ ಟ್ಯೂಬು ಎಳೆಯುತ್ತಿದ್ದಾರೆ. ಬೀದಿಯ ತುದಿಯಿಂದ ಮರಿತಾಯಮ್ಮ ನಡೆದು ಬರುತ್ತಾರೆ. ಒಗೆದ ಸೀರೆ, ತಲೆಯ ಮೇಲೆ ಸೆರಗು. ಶುಭಕಾರ್ಯಕ್ಕೆ ಹೊರಟವರಿಗೆ ತಾವು ಎದುರಾಗಬಾರದೆಂದು ಇಷ್ಟು ವರ್ಷ ಹಿತ್ತಲ ದಾರಿ ಹಿಡಿದು ಓಡಾಡಿದ ಹೆಂಗಸು ಇವತ್ತು ಬೀದಿಯ ನಡುವೆಯೇ ಬರುತ್ತಾರೆ. ಬಾಗಿಲಲ್ಲಿ ನಿಂತು, ಎಂದೂ ಹಾಕದ ಬಹುವಚನ ಹಾಕಿ, "ಹಾಜಿರಾಬೀಯವ್ರು ಮನೇಲವ್ರಾ?" ಎಂದು ಕೇಳುತ್ತಾರೆ.

ಹಾಜಿರಾ ಬೀ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರೆ, ಮರಿತಾಯಮ್ಮ ಆ ಎರಡೂ ಕೈಗಳನ್ನು ಹಿಡಿದುಕೊಳ್ಳುತ್ತಾರೆ.

"ಇವತ್ತು ಮೂರು ಗಂಟೆಗೆ ಇಸ್ಕೂಲಲ್ಲಿ ಸೊಳ್ಳೆ ಬಾಸಣ ಐತೆ. ನೀವು ಬರ್ಬೇಕು. ಬಳೆ ಕೊಡೋ ಕೈ ಅಲ್ಲ ನಂದು. ಬರೀ ಕೈಲಿ ಕರೀತಿವ್ನಿ."

ಮೂರು ಊರಿನ ಹೆಂಗಸರನ್ನು ಮಾತಿನಲ್ಲಿ ಗೆದ್ದ ಹಾಜಿರಾ ಬೀ ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡ್ತೀನಿ..." ಎನ್ನುತ್ತಾರೆ.

"ನೋಡ್ತೀನಿ ಅನ್ನೋಳು ಬರಾಕಿಲ್ಲ," ಎಂದು ಬಾಬು ಜಾನ್ ಚಕ್ರದ ಹಿಂದಿನಿಂದಲೇ ಕೂಗುತ್ತಾರೆ. "ಬತ್ತೀನಿ ಅನ್ನಮ್ಮಿ! ಊರಿಗೆಲ್ಲ ಪಾಟ ಯೋಳ್ತೀಯ."

"ಬತ್ತೀನಿ ಕಣವ್ವ," ಎನ್ನುತ್ತಾರೆ ಹಾಜಿರಾ ಬೀ.

ಮಧ್ಯಾಹ್ನ ಶಾಲೆಯ ಬಾಗಿಲಲ್ಲಿ ಇನ್ನೊಂದು ಪೇಚು. ಒಂಟಿ ಬಳೆಯ ಕೈಗಳು ಸಾಲುಗಟ್ಟಿವೆ, ಒಳಗೆ ಮೊದಲ ಸಾಲಿನಲ್ಲಿ ಮರಿತಾಯಮ್ಮ ಪಕ್ಕದ ಜಾಗಕ್ಕೆ ಸೆರಗು ಹಾಸಿ ಕಾಯುತ್ತಿದ್ದಾರೆ. ಹಾಜಿರಾ ಬೀ ಒಳಕ್ಕೊಮ್ಮೆ ಹೊರಕ್ಕೊಮ್ಮೆ ನೋಡುತ್ತಾರೆ. ಮಡಿ ಕೆಡದಂತೆ ತಮ್ಮ ಬಳೆಯನ್ನು ತಾವೇ ಏರಿಸಿಕೊಂಡ ಪಂಕಜಮ್ಮನವರು ಇದನ್ನು ನೋಡಿದವರೇ ಮಲಾರಕ್ಕೆ ಕೈ ಹಾಕುತ್ತಾರೆ.

"ಇಲ್ಲಿ ಕೊಡೆ, ನಾನು ತೊಡಿಸ್ತೀನಿ. ಜನ್ಮವೆಲ್ಲ ನಿನ್ನ ಕೈಗೆ ಕೈ ಕೊಟ್ಟು ಇಷ್ಟೂ ಕಲಿತಿಲ್ವೇ ನಾನು?"

"ನಿಮ್ಮ ಮಡಿ, ಅಮ್ಮಾವ್ರೆ?"

"ಮನೆಗೆ ಹೋಗಿ ಇನ್ನೊಂದು ಸ್ನಾನ ಮಾಡಿದರಾಯ್ತು. ಬಾವಿಯಲ್ಲಿ ನೀರಿದೆ. ಹೋಗು ಒಳಗೆ."

ಹಾಜಿರಾ ಬೀ ಒಳಗೆ ಹೋಗುತ್ತಾರೆ, ಮರಿತಾಯಮ್ಮನವರ ಸೆರಗು ಸರಿಸಿ ಕೂರುತ್ತಾರೆ. ವಿಜ್ಞಾನಿಗಳು ಗಾಜಿನ ಲೋಟದಲ್ಲಿ ನೀರು ತಂದಿದ್ದಾರೆ, ಅದರಲ್ಲಿ ಸಣ್ಣ ಹುಳುಗಳು ಮಿಸುಕಾಡುತ್ತಿವೆ. ಸೊಳ್ಳೆಯ ಬಾಲ್ಯ ಇದು ಎನ್ನುತ್ತಾರೆ. ಲೋಟ ಕೈಯಿಂದ ಕೈಗೆ ಸಾಗುತ್ತದೆ. ಹುಳು ತಿನ್ನುವ ಮೀನನ್ನು ಬಾವಿಗೆ ಬಿಡಬೇಕೆಂದಾಗ ಅಗ್ರಹಾರದ ಸಾಲಿನಲ್ಲಿ ಗುಸುಗುಸು ಏಳುತ್ತದೆ. ಕಲ್ಯಾಣಿಯಲ್ಲೂ ಮೀನಿದೆಯಲ್ಲ ಎಂದು ಯಾರೋ ಅಂದ ಮೇಲೆ ಅಡಗುತ್ತದೆ. ಎಲ್ಲ ಸೊಳ್ಳೆಯೂ ಈ ಜ್ವರ ತರುವುದಿಲ್ಲ, ಅದರಲ್ಲೊಂದು ಜಾತಿ ಇದೆ, ಅದೂ ಜ್ವರ ಬಂದವರ ರಕ್ತ ಕುಡಿದ ಮೇಲೆ ಇನ್ನೊಬ್ಬರನ್ನು ಕಚ್ಚಬೇಕು ಎಂದು ವಿಜ್ಞಾನಿಗಳು ಬಿಡಿಸಿ ಹೇಳುತ್ತಾರೆ. ಹಾಜಿರಾ ಬೀ ಒಂದು ಮಾತನ್ನೂ ಬಿಡದೆ ಕೇಳುತ್ತಾರೆ. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಎದ್ದು ನಿಲ್ಲುತ್ತಾರೆ.

"ಸ್ವಾಮಿ, ಮಕ್ಳು ನಾಲೆ ನೀರಲ್ಲಿ ಆಡಿದ್ರೆ ಚಳಿಜ್ವರ ಬತ್ತದಾ?"

"ಇಲ್ಲಮ್ಮ. ನೀರಿನಲ್ಲಿ ಆಡಿದ್ದರಿಂದ, ನೆನೆದದ್ದರಿಂದ ಬರುವುದಿಲ್ಲ. ಸೊಳ್ಳೆ ಕಚ್ಚಿಯೇ ಬರಬೇಕು. ಯಾವ ಸೊಳ್ಳೆ ಯಾರನ್ನು ಕಚ್ಚುತ್ತದೋ ಯಾರಿಗೆ ಗೊತ್ತು? ಅದು ಯಾರ ತಪ್ಪೂ ಅಲ್ಲ."

ಹಾಜಿರಾ ಬೀ ನಿಂತೇ ಇದ್ದಾರೆ. ಮರಿತಾಯಮ್ಮ ಕೈ ಹಿಡಿದು ಕೂರಿಸುತ್ತಾರೆ. ಅದೇ ಹೊತ್ತಿಗೆ ಬಾಗಿಲ ಕಡೆಯಿಂದ ಚಟ್ ಎಂದು ಬಳೆ ಒಡೆದ ಸದ್ದು. ಸಭೆಯ ಅರ್ಧ ಜನ ತಿರುಗಿ ನೋಡುತ್ತಾರೆ.

"ಅಯ್ಯೋ ಹಾಜಿರಾ, ಒಡೆದುಹೋಯ್ತಲ್ಲೇ!" ಎನ್ನುತ್ತಾರೆ ಪಂಕಜಮ್ಮನವರು.

ಹಾಜಿರಾ ಬೀ ಕತ್ತು ತಿರುಗಿಸುವುದಿಲ್ಲ. ಕಣ್ಣು ಆ ಗಾಜಿನ ಲೋಟದ ಮೇಲೇ ಇದೆ.

"ತೊಡ್ಸುವಾಗ ಒಡೆದ ಬಳೆ ಬಳೆಗಾರ್ತಿ ಲೆಕ್ಕ, ಅಮ್ಮಾವ್ರೆ. ಇನ್ನೊಂದು ತಕ್ಕಳಿ. ನಾನು ಬಾಸಣಕ್ಕೆ ಬಂದಿವ್ನಿ."