ಪೀಚಸ್ ಬಸುರಿಯೋ ಅಲ್ಲವೋ

ಫ್ಲಾರಿಡಾದ ಒಂದು ಸಣ್ಣ ಊರಿನಲ್ಲಿ ಫ್ರಿಜ್ ರಿಪೇರಿ ಮಾಡಿ ನಿವೃತ್ತನಾದ ವೆಂಡೆಲ್ ಪ್ರೂಯಿಟ್‌ನನ್ನು ಹಾವು ಸಾಕುವವರ ಸಂಘದಲ್ಲಿ ಎಲ್ಲರೂ ಸೂಲಗಿತ್ತಿ ಎಂದೇ ಕರೆಯುತ್ತಿದ್ದರು. ಕರೆಯದೆ ಏನು ಮಾಡಿಯಾರು? ಎರಡು ವರ್ಷದ ಹಿಂದೆ ತನ್ನ ಹೆಬ್ಬಾವು ಪೀಚಸ್‌ಳ ಹೊಟ್ಟೆ ಉಬ್ಬಿದ್ದು ಕಂಡು, ಬಸುರಿಯಾದಳೆಂದು ಸಂಘಕ್ಕೆಲ್ಲ ಮಾಂಸ ಸುಟ್ಟು ಬಡಿಸಿದ್ದ. ಒಳಗಿದ್ದದ್ದು ದಪ್ಪನೆಯ ಇಲಿ, ಅಷ್ಟೆ. ಹೋದ ವರ್ಷ ಬಾಲದ ಕಡೆ ಊದಿತು. ಮತ್ತೆ ಫೋಟೊ, ಮತ್ತೆ ಊಟ. ಆಮೇಲೆ ಪೀಚಸ್ ಹೊಟ್ಟೆ ಖಾಲಿ ಮಾಡಿಕೊಂಡು ಹಗುರಾದಳು. ವೆಂಡೆಲ್‌ನ ಮಾನವೂ ಅದರ ಜೊತೆಗೇ ಹೋಯಿತು.

ಅವನ ಹೆಂಡತಿ ನೇಡೀನ್‌ಗೆ ಹಾವೆಂದರೆ ಅಷ್ಟಕ್ಕಷ್ಟೆ. ಐಸ್‌ಕ್ರೀಮಿನ ಪಕ್ಕ ಇಲಿಗಳು ಹೆಪ್ಪುಗಟ್ಟಿ ಮಲಗಿರುವ ಮನೆಯಲ್ಲಿ ಅವಳು ಅಷ್ಟು ತಾಳಿದ್ದೇ ಹೆಚ್ಚು. ಈ ವಸಂತದಲ್ಲೂ ಬಸುರಿನ ಸುಳಿವಿಲ್ಲದಿದ್ದರೆ ಪೀಚಸ್ ವೆಂಡೆಲ್‌ನ ಸಂಘದ ಗೆಳೆಯ ಕ್ಲೈಡ್‌ನ ಮನೆಗೆ, ಅವಳ ಕೋಣೆ ತನ್ನ ಹೊಲಿಗೆಗೆ ಎಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳು. ಚಳಿಗಾಲದಲ್ಲಿ ಕ್ಲೈಡ್ ತನ್ನ ಗಂಡು ಹಾವನ್ನು ತಂದು ಜೊತೆಗೆ ಬಿಟ್ಟದ್ದೂ ಆಗಿತ್ತು. ವಸಂತ ಮುಗಿಯುತ್ತ ಬಂದರೂ ವೆಂಡೆಲ್ ಏನನ್ನೂ ಘೋಷಿಸಲಿಲ್ಲ. ತನ್ನ ಕಣ್ಣನ್ನೇ ನಂಬುವುದನ್ನು ಬಿಟ್ಟಿದ್ದ.

ಶನಿವಾರ ಕ್ಲೈಡ್ ಪೀಚಸ್‌ಳನ್ನು ಒಯ್ಯಲು ದೊಡ್ಡ ಡಬ್ಬಿ ಹಿಡಿದು ಬಂದ. ವೆಂಡೆಲ್ ನೋಡಲಾರದೆ ಗ್ಯಾರೇಜು ಸೇರಿದ. ನೀರಿನ ಬಟ್ಟಲು ತೆಗೆಯೋಣವೆಂದು ನೇಡೀನ್ ಹಾವಿನ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಪೀಚಸ್ ತಣ್ಣನೆಯ ಬಟ್ಟಲನ್ನು ಸುತ್ತಿಕೊಂಡು ಅರ್ಧ ಅಂಗಾತ ಬಿದ್ದಿದ್ದಳು. ನಡುಮೈ ದಿಂಬು ನುಂಗಿದಂತೆ ಊದಿತ್ತು. ಮಗ ರಾಡ್ನಿ ಹೊಟ್ಟೆಯಲ್ಲಿದ್ದಾಗ ನೇಡೀನ್ ಕೂಡ ಬಚ್ಚಲಿನ ತಣ್ಣನೆಯ ನೆಲಕ್ಕೆ ಹೀಗೇ ಬೆನ್ನು ಕೊಟ್ಟು ಮಲಗುತ್ತಿದ್ದಳು.

ಮೊಟ್ಟೆ ಕಟ್ಟುವಾಗ ಬರುವ ಈ ನಡುವಿನ ಊತ ಒಂದೇ ದಿನದ್ದೆಂದು ಗಂಡ ಊಟದ ಮೇಜಿನಲ್ಲಿ ಕೊರೆದದ್ದು ಅವಳಿಗೆ ಬಾಯಿಪಾಠವಾಗಿತ್ತು. ನಾಳೆ ಇಳಿದುಹೋಗುತ್ತದೆ, ಸುಮ್ಮನಿದ್ದರೆ ಸಾಕು, ಕೋಣೆ ತನ್ನದು. ಕಿಟಕಿಯ ಬೆಳಕಂತೂ ಹೊಲಿಗೆಗೆ ಹೇಳಿ ಮಾಡಿಸಿದಂತಿತ್ತು. ಅವಳಿಗೆ ಸಿಟ್ಟೇ ಬಂತು, ಹಾವಿನ ಮೇಲೋ ತನ್ನ ಮೇಲೋ.

"ಕ್ಲೈಡ್, ಡಬ್ಬಿ ಕೆಳಗಿಡು."

"ಯಾಕಮ್ಮಾ, ಸೂಲಗಿತ್ತಿ ಮನಸ್ಸು ಬದಲಾಯ್ಸಿದ್ನಾ?"

"ಅವನಲ್ಲ, ನಾನು. ಇವಳು ಬಸುರಿ."

ಕ್ಲೈಡ್ ಬಿದ್ದು ಬಿದ್ದು ನಕ್ಕ. "ನಿಂಗೂ ಅಂಟ್ಕೊಂಡ್ತಾ ಈ ಕಾಯಿಲೆ! ಇಲಿ ತಿಂದಿರ್ತಾಳೆ ಬಿಡು."

"ತಿಂಗಳಿಂದ ಒಂದು ಇಲೀನೂ ಮೂಸಿಲ್ಲ. ಎಲ್ಲಾ ಕಸಕ್ಕೆ ಎಸ್ದಿದ್ದು ನಾನೇ. ಊದಿರೋದು ಬಾಲ ಅಲ್ಲ, ನಡು. ಕಣ್ಣಿದ್ರೆ ಬಂದು ನೋಡು."

ಕ್ಲೈಡ್ ಬಗ್ಗಿ ನೋಡಿದ. ನಗು ಅಲ್ಲಿಗೇ ನಿಂತಿತು. "ವೆಂಡೆಲ್! ಬಾರೋ ಇಲ್ಲಿ, ಈ ಸಲ ನಿಜ ಕಣೋ! ಮೊದ್ಲು ಪೊರೆ ಬಿಡ್ತಾಳೆ, ಆಮೇಲೊಂದು ತಿಂಗಳಿಗೆ ಮೊಟ್ಟೆ!"

ವೆಂಡೆಲ್ ಓಡಿ ಬಂದವನು ನೋಡಿ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತ. ಕ್ಲೈಡ್ ಖಾಲಿ ಡಬ್ಬಿಯೊಂದಿಗೆ ಹೊರಟುಹೋದ ಮೇಲೂ ಏಳಲಿಲ್ಲ.

"ಈ ರೂಮು ನಿಂಗೆ ಬೇಕಾಗಿತ್ತಲ್ಲ, ನೇಡೀನ್?"

"ಈಗ್ಲೂ ಬೇಕು," ಎಂದಳು ಅವಳು. "ಮೆಲ್ಲಗೆ ಮಾತಾಡು. ಅವಳು ಮಲಗಿದಾಳೆ."